ಕಳಿಸಲಾಗಿದೆ

"ಕಳಿಸಿದ್ದೆ ಮೇಡಂ. ತೆರೆಯ ಮೇಲೆ 'ಕಳಿಸಲಾಗಿದೆ' ಅಂತಲೇ ಬಂತು," ಸುರೇಶ ಮತ್ತೆ ಹೇಳಿದ.

"ನನಗೆ ತಲುಪಲಿಲ್ಲ," ಎಂದಳು ವೈಜಯಂತಿ.

ನೋಯ್ಡಾದ ಅವರ ಕಂಪನಿ ಆಫೀಸುಗಳಿಗೆ ಸಂದೇಶ ಕಳಿಸುವ ಸಾಫ್ಟ್‌ವೇರ್, ಮೆಸೆಂಜರ್, ಮಾಡಿ ಮಾರುತ್ತಿತ್ತು. ಗಿರಾಕಿಯ ಕಚೇರಿಯಲ್ಲಿ ಕೂತಿದ್ದ ಸುರೇಶ, ಹಳೆಯ ಸರ್ವರ್ ಈಗಲೇ ನಿಲ್ಲಿಸಬೇಡಿ ಎಂದು ಅದೇ ಮೆಸೆಂಜರಿನಲ್ಲಿ ತಿಳಿಸಿದ್ದನಂತೆ. ಟೀಮ್ ಲೀಡ್ ವೈಜಯಂತಿ ನಿಲ್ಲಿಸಿಬಿಟ್ಟಳು. ಗಿರಾಕಿಯ ವ್ಯವಹಾರ ದಿನವಿಡೀ ಸ್ತಬ್ಧ. ಈಗ ಒಬ್ಬರ ತಲೆ ಉರುಳಲೇಬೇಕಿತ್ತು. 2009ರ ಆ ಆರ್ಥಿಕ ಹಿಂಜರಿತದ ದಿನಗಳಲ್ಲಿ ಕೆಲಸ ಹೋದವರಿಗೆ ಇನ್ನೊಂದು ಸಿಗುತ್ತಿರಲಿಲ್ಲ. ಸುರೇಶ ಹೆಂಡತಿಯನ್ನು ಹಾಸನದಿಂದ ದೆಹಲಿಯ ಮುನಿರ್ಕಾದ ಬಾಡಿಗೆ ಕೋಣೆಗೆ ಕರೆತಂದು ತಿಂಗಳಾಗಿತ್ತಷ್ಟೆ.

ಶನಿವಾರ ರಜೆಯಿದ್ದರೂ ವೈಜಯಂತಿ ಅವನನ್ನು ಆಫೀಸಿಗೆ ಕರೆಸಿಕೊಂಡಳು. "ಏನೇನು ಮಾಡಿದಿರಿ, ಬಿಡದೆ ಹೇಳಿ."

"ಲಾಗಿನ್ ಒತ್ತಿದೆ. ಗಾಬರಿಯಲ್ಲಿ ತಕ್ಷಣವೇ ಮೆಸೇಜ್ ಹೊಡೆದೆ."

ಅವಳೂ ಹಾಗೇ ಮಾಡಿದಳು. ಸಂದೇಶ ತಲುಪಿತು. ನೆಟ್‌ವರ್ಕನ್ನು ಬೇಕೆಂದೇ ನಿಧಾನಗೊಳಿಸಿ ಮತ್ತೆ ಮಾಡಿದಳು. ಮಾಯ.

ಪಾಸ್‌ವರ್ಡ್ ಪರೀಕ್ಷಿಸುವುದು ಪ್ರೋಗ್ರಾಮಿನ ಒಂದು ಎಳೆ, ಅಂದರೆ ಥ್ರೆಡ್; ಸಂದೇಶ ಕಳಿಸುವುದು ಇನ್ನೊಂದು. ಎರಡೂ ಒಟ್ಟಿಗೇ ಓಡುತ್ತಿದ್ದವು. ಪರೀಕ್ಷೆ ಮುಗಿಯುವ ಮೊದಲೇ ಹೊರಟ ಸಂದೇಶವನ್ನು ಸರ್ವರ್ ಯಾರೋ ಅಪರಿಚಿತನದೆಂದು ಸದ್ದಿಲ್ಲದೆ ಬಿಸಾಡುತ್ತಿತ್ತು.

ಸುರೇಶನ ಕಣ್ಣು ತುಂಬಿತು. "ಅಂದರೆ ನಾನು ಸುಳ್ಳು ಹೇಳಿಲ್ಲ."

"ಸೋಮವಾರ ಚಂದ್ರಶೇಖರ ಸರ್ ಮುಂದೆ ನೀವೇ ತೋರಿಸಿ. ಅಲ್ಲಿಯವರೆಗೆ ಆಫೀಸಿನಲ್ಲಿ ಯಾರ ಹತ್ತಿರವೂ ಬಾಯಿ ಬಿಡಬೇಡಿ."

ಅವನು ಹೆಂಡತಿಗೆ ಫೋನು ಮಾಡುತ್ತಲೇ ಮೆಟ್ಟಿಲಿಳಿದ.

ಸೋಮವಾರ ಮ್ಯಾನೇಜರ್ ಚಂದ್ರಶೇಖರ ಕೈಕಟ್ಟಿ ನಿಂತ. ಸುರೇಶ ನೆಟ್‌ವರ್ಕ್ ನಿಧಾನಗೊಳಿಸಿ, ಲಾಗಿನ್ ಒತ್ತಿ, ತಕ್ಷಣ ಸಂದೇಶ ಕಳಿಸಿದ. ಕೊಂಚ ತಡವಾಗಿ ತಲುಪಿತು. ಇನ್ನೊಮ್ಮೆ ಕಳಿಸಿದ. ಅದೂ ತಲುಪಿತು. ಮತ್ತೆ ಮತ್ತೆ ಕಳಿಸಿದ. ಕಳಿಸಿದ್ದೆಲ್ಲ ತಲುಪುತ್ತಲೇ ಹೋಯಿತು.

"ಮೇಡಂ, ಶನಿವಾರ ನೀವೇ ನೋಡಿದಿರಲ್ಲ?"

ವೈಜಯಂತಿ ಅವನ ಭುಜದ ಮೇಲೆ ಮೆಲ್ಲನೆ ಕೈಯಿಟ್ಟಳು. "ಪಾಪ ಸರ್, ತುಂಬ ಒತ್ತಡದಲ್ಲಿದ್ದಾರೆ. ನಾನೂ ಶನಿವಾರವೆಲ್ಲ ಹುಡುಕಿದೆ. ಏನೂ ಸಿಗಲಿಲ್ಲ."

"ಚಲೋ, ಸಾಕು," ಎಂದ ಚಂದ್ರಶೇಖರ. "ಸುರೇಶ್, ನಿಮ್ಮ ಐಡಿ ಕಾರ್ಡ್ ಇಲ್ಲೇ ಕೊಟ್ಟು ಹೋಗಿ."

ಭಾನುವಾರ ಒಬ್ಬಳೇ ಬಂದು, ಹಿಂದೆ ತಾನೇ ಬರೆದಿದ್ದ ಆ ಲಾಗಿನ್ ಭಾಗವನ್ನು ತಿದ್ದಿ, ಫೈಲಿಗೆ ಹಳೆಯ ತಾರೀಖು ಕೂರಿಸಿ ಹೋಗಿದ್ದಳು ವೈಜಯಂತಿ.