ಕೊನೆಯ ಬಾಗಿಲಿನ ಎಡೆ

ಸತ್ತವರಿಗೂ ನೆಟ್ ಸಿಕ್ಕ ಮೇಲೆ, ಆನ್‌ಲೈನಿನಲ್ಲಿ ಭೂತಬಂಗಲೆಯ ಆಟ ನಡೆಸುವ ವಾರಿಜಾಳ ಕಷ್ಟ ಹೆಚ್ಚಿತ್ತು. ಅವಳು ಕತೆ ಹೇಳಬೇಕು, ಆಟಗಾರರು ದಾಳ ಹಾಕಿ ಮುಂದೆ ಸಾಗಬೇಕು. ಆದರೆ ಈಗಿನ ನಾಲ್ವರು ಆಟಗಾರರೂ ತೀರಿಕೊಂಡವರು, ಯಾವುದಕ್ಕೂ ಹೆದರರು.

"ಅಸ್ಥಿಪಂಜರ ಅಂದ್ರ ನಮಗ ಕನ್ನಡಿ ಇದ್ದಂಗ ಬಿಡವಾ," ಎಂದರು ಅವರಲ್ಲೊಬ್ಬರಾದ ಭರಮಪ್ಪ ಮಾಸ್ತರರು. "ಇವತ್ತೂ ಹೆದರಿಕಿ ಬರಲಿಲ್ಲಂದ್ರ ನಾವು ಇಸ್ಪೀಟಿಗೆ ಹೋಗ್ತೀವಿ."

ವಾರಿಜಾ ಬಂಗಲೆಯ ಕೊನೆಯ ಬಾಗಿಲು ತೆರೆದಳು.

"ಒಳಗ ಹಿರಿಯರಿಗೆ ಎಡಿ ಇಟ್ಟಾರ್ರೀ ಮಾಸ್ತರ. ಹೋಳಿಗಿ, ನಿಮಗ ಸೇರೋ ಬದನಿಕಾಯಿ ಪಲ್ಯ, ನಿಮ್ಮ ಫೋಟೋ. ಎದುರಿಗೆ ನಿಮ್ಮ ಮರಿಮೊಮ್ಮಕ್ಕಳು. 'ಈ ಫೋಟೋದಾಗಿನವ್ರು ಯಾರು?' ಅಂತ ಒಬ್ಬರನ್ನೊಬ್ಬರು ಕೇಳಾಕತ್ತಾರ. ಯಾರಿಗೂ ಗೊತ್ತಿಲ್ಲ."

ದಾಳ ಹಾಕುವವರೇ ಇಲ್ಲ. ಮಾಸ್ತರರು ಕೆಮ್ಮಿದರು.

"ಮುಂದಿನ ವಾರ ಹಗಲಿನ್ಯಾಗ ಆಡೂಣೇನವಾ?"

ವಾರಿಜಾ ಬೀಗುತ್ತ ಆಟದ ಜಾಹೀರಾತಿಗೆ ಒಂದು ಸಾಲು ಸೇರಿಸಿದಳು: ಮೃತರು ಒಂಟಿಯಾಗಿ ಆಡಬಾರದು.