ಹಸಿರು ಅಂಚಿನ ಕಟ್ಟು

ಮೊಗ್ಗಿನ ತುದಿಯಲ್ಲಿ ಇಣುಕಿದ್ದು ಹಳದಿಯಲ್ಲ, ಕೆಂಪು. ಕುಕ್ಕಪ್ಪ ಗೌಡರು ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಕೆಂಪೇ! ಮಗಳು ನೀಲಾವತಿ ತೀರಿಕೊಂಡು ನಾಳೆಗೆ ವರ್ಷ. ಅವಳೇ ಕಸಿ ಕಟ್ಟಿದ ದಾಸವಾಳದ ಮೊದಲ ಹಳದಿ ಹೂವನ್ನು ಅವಳ ಎಡೆಗೆ ಇಡಬೇಕು, ಅದೊಂದೇ ಆಸೆ ಅವರಿಗೆ.

ಆ ಗಿಡಕ್ಕೆ ಮಾಡಿದ ಆರೈಕೆ ಅಷ್ಟಿಷ್ಟಲ್ಲ. ಕರು ಬಾಯಿ ಹಾಕದಂತೆ ಸುತ್ತ ಮುಳ್ಳು. ಅಡ್ಡಾದಿಡ್ಡಿ ಹೋದ ಕೊಂಬೆಗಳನ್ನು ಸವರಿ ಸವರಿ ಕೊಡೆಯ ಹಾಗೆ ದುಂಡಗೆ ಮಾಡಿದ್ದರು. ಹೆಂಡತಿ ದುಗ್ಗಮ್ಮ ಒಣಗಿದ ಎಲೆ ಕಿತ್ತರೂ ಹಾರಿ ಬೀಳುತ್ತಿದ್ದರು. ಪಾಪ, ಮಗಳನ್ನು ಜ್ವರದ ಕೈಗೆ ಕೊಟ್ಟವರು ಗಿಡವನ್ನಾದರೂ ಉಳಿಸಿಕೊಳ್ಳಲು ಹೊರಟಿದ್ದರು.

ಅಷ್ಟರಲ್ಲಿ ಅರಂತೋಡಿನ ರಸ್ತೆಯಲ್ಲಿ ಲಾರಿ ನಿಲ್ಲಿಸಿ ಆದಂ ಕುಂಞಿ ಬಂದ. ಮಡಿಕೇರಿಯಲ್ಲಿ ಇಂಗ್ಲಿಷ್ ದೊರೆ ಬಿಟ್ಟುಹೋದ ಬಂಗಲೆಯಿಂದ ಹಳದಿ ದಾಸವಾಳದ ಕಡ್ಡಿ ತಂದುಕೊಟ್ಟವನು ಅವನೇ. ಬೇಲಿಯ ಕೆಂಪು ದಾಸವಾಳಕ್ಕೆ ಅದನ್ನು ಕೂಡಿಸುವುದನ್ನು ನೀಲಾವತಿಗೆ ಕಲಿಸಿದವನೂ ಅವನೇ.

“ಇದೆಂತ ಮಾರಾಯ, ಹಳದಿ ಅಂತ ಹೇಳಿದ್ದಲ್ವಾ ನೀನು?”

ಆದಂ ಕುಂಞಿ ಕುಕ್ಕರಗಾಲಲ್ಲಿ ಕೂತು ಕೊಂಬೆ ಸರಿಸಿದ. ನೀಲಾವತಿ ತನ್ನ ಸೀರೆಯ ಹಸಿರು ಅಂಚು ಹರಿದು ಬಿಗಿದಿದ್ದ ಕಟ್ಟು ಕಸಿಯ ಜಾಗದಲ್ಲಿ ಹಾಗೆಯೇ ಇತ್ತು.

“ಗೌಡ್ರೇ, ಈ ಕಟ್ಟು ಬಿಚ್ಚಲೇ ಇಲ್ವಾ? ಕಸಿ ಹಿಡಿದ ಮೇಲೆ ಬಿಚ್ಚಬೇಕು ಅಂತ ಅವಳಿಗೆ ಹೇಳಿದ್ದೆ.”

“ಅವಳೂ ಹೇಳಿದ್ದಳು, ಮಲಗಿದಲ್ಲಿಂದಲೇ.” ಗೌಡರ ದನಿ ತಗ್ಗಿತು. “ಅವಳ ಕೈಯ ಗಂಟು ಅದು, ಆದಂ. ನಾನು ಹೇಗೆ ಬಿಚ್ಚುದು?”

ಆದಂ ಕುಂಞಿ ಕಟ್ಟಿನ ಮೇಲೆ ಬೆರಳಾಡಿಸಿದ. ಹೇಳದೆ ವಿಧಿ ಇರಲಿಲ್ಲ.

“ಗಿಡ ದಪ್ಪ ಆಗ್ತದೆ, ಬಟ್ಟೆ ಆಗುದಿಲ್ಲ. ಕೊರಳು ಹಿಸುಕಿದ ಹಾಗೆ ಆಯ್ತು. ಆ ಹಳದಿ ಕಡ್ಡಿ ಯಾವಾಗಲೋ ಒಣಗಿ ಹೋಗಿದೆ ಗೌಡ್ರೇ. ಈ ಕೊಂಬೆಗಳೆಲ್ಲ ಕಟ್ಟಿನ ಕೆಳಗಿಂದ ಬಂದದ್ದು. ಬರೀ ಬೇಲಿ ದಾಸವಾಳ.”

ಅವನು ಚೂರಿ ತೆಗೆದ. ಗೌಡರು ಬೇಡವೆಂದು ತಲೆಯಾಡಿಸಿ, ಉಗುರುಗಳಿಂದಲೇ ಗಂಟು ಬಿಡಿಸತೊಡಗಿದರು. ಬಹಳ ಹೊತ್ತು ಹಿಡಿಯಿತು. ಹುಡುಗಿ ಹಾಕಿದ ಗಂಟು ಅಷ್ಟು ಗಟ್ಟಿ. ಬಟ್ಟೆ ಸಡಿಲಾದದ್ದೇ ತಡ, ಬೆರಳುದ್ದದ ಒಣಕಡ್ಡಿಯೊಂದು ಕಳಚಿ ಅವರ ಅಂಗೈಗೆ ಬಿತ್ತು.

ಗೌಡರು ಅದನ್ನೇ ನೋಡುತ್ತ ಕೂತರು.

“ನೀರು ಹಾಕಿದ್ದೆ, ಆದಂ,” ಎಂದರು. “ದಿನಾ ಹಾಕಿದ್ದೆ.”