ಗಿರಣಿ ಮಾಲೀಕರೊಬ್ಬರು

'ಅಳಿಸಬೇಕು' ಎಂದು ಗುರುಬಸವ ಒಂದು ಲೇಖನದ ಕೆಳಗೆ ಮೂರನೆಯ ಸಲ ಬರೆಯುತ್ತಿದ್ದಾಗಲೇ ಆ ಲೇಖನದ ನಾಯಕ ಬಾಗಿಲಲ್ಲಿ ಬಂದು ನಿಂತ. ಒಂದು ಕೈಯಲ್ಲಿ ಶಾಲು, ಇನ್ನೊಂದರಲ್ಲಿ ದಾಳಿಂಬೆಯ ಚೀಲ. ದಾಳಿಂಬೆ ಬೆಳೆಯುವ ಕುಷ್ಟಗಿಗೇ ದಾಳಿಂಬೆ ಹೊತ್ತು ತರುವವನಿಗೆ ಕೆಲಸ ಭಾರೀ ಇರಬೇಕು ಎಂದುಕೊಂಡ ಗುರುಬಸವ.

ಗುರುಬಸವ ಅಲ್ಲಿನ ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು. ಸಂಜೆಯಾದರೆ ಸಂಬಳವಿಲ್ಲದ ಇನ್ನೊಂದು ಕೆಲಸ. ಅಂತರ್ಜಾಲದ ವಿಶ್ವಕೋಶದಲ್ಲಿ ಬದುಕಿರುವವರ ಬಗ್ಗೆ ಬಂದ ಲೇಖನ ಉಳಿಯಬೇಕೋ ಹೋಗಬೇಕೋ ತೀರ್ಮಾನಿಸುವುದು. ಹೋದ ವರ್ಷ ಪತ್ರಿಕೆಯ ತುಣುಕುಗಳನ್ನು ನಂಬಿ ಒಬ್ಬ 'ಜಾನಪದ ತಜ್ಞ'ನನ್ನು ಒಳಗೆ ಬಿಟ್ಟಿದ್ದ. ಅವೆಲ್ಲ ಆ ತಜ್ಞನೇ ಬರೆದು ಕಳಿಸಿದ್ದು ಎಂದು ಆಮೇಲೆ ತಿಳಿದು, ಜೊತೆಯವರೆದುರು ಮಾನ ಹೋಗಿತ್ತು. ಇನ್ನೊಮ್ಮೆ ಮೋಸ ಹೋದರೆ ತೀರ್ಮಾನಿಸುವ ಅಧಿಕಾರ ಇರುವುದಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದ್ದರು. ಕಾಲೇಜಿನವರು ಸಂಬಳ ನಿಲ್ಲಿಸುತ್ತೇವೆ ಎಂದಿದ್ದರೂ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಬಂದವನು ಅಂದಪ್ಪ. ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಮಾಲೀಕ. ಅವನ ಲೇಖನದಲ್ಲಿ 'ಕೊಡುಗೈ ದಾನಿ' ಎಂಬ ಮಾತು ನಾಲ್ಕು ಸಲ ಇತ್ತು. ಆಧಾರವಾಗಿ ಹನ್ನೊಂದು ತುಣುಕುಗಳು, ಹನ್ನೊಂದರಲ್ಲೂ ಅವನಿಗೇ ಸನ್ಮಾನ. ದೊಡ್ಡ ಮನುಷ್ಯನೆಂದರೆ ಹೆಸರು ಒತ್ತಿದ ಕೂಡಲೇ ಮೊಬೈಲಿನಲ್ಲಿ ಒಂದು ಪುಟ ತೆರೆಯಬೇಕು, ತನ್ನ ಓರಗೆಯವರಿಗೆಲ್ಲ ಆಗಿದೆ, ತನಗೊಬ್ಬನಿಗೇ ಇಲ್ಲ ಎಂದು ಅಳಲು ತೋಡಿಕೊಂಡ.

ಗುರುಬಸವ ಶಾಲನ್ನು ಮುಟ್ಟಲಿಲ್ಲ. ಪಾಠ ಹೇಳುವ ಚಟ ಮಾತ್ರ ಬಿಡಲಿಲ್ಲ.

"ಹೊಗಳಿಕಿ ಯಾರ ಬೇಕಾದ್ರೂ ಬರಸ್ಕೊಂತಾರ್ರಿ. ಬೈಗುಳ ಯಾರೂ ಬರಸ್ಕೊಳ್ಳಂಗಿಲ್ಲ. ನಿಮ್ಮನ್ನ ಯಾರರೆ ಬೈದಿದ್ದು ಪೇಪರಿನ್ಯಾಗ ಬಂದೈತೇನ್ರಿ?"

"ಇಲ್ರಿ ಸರ," ಎಂದ ಅಂದಪ್ಪ, ತಪ್ಪು ಮಾಡಿದವನಂತೆ. "ಇಲ್ಲೀತನಕ ಒಬ್ರೂ ಬೈದಿಲ್ಲ."

ಚಹಾ ಕುಡಿದು ಹೋದ. ದಾಳಿಂಬೆಯನ್ನು ಗುರುಬಸವ ಅವನ ಕಾರಿನಲ್ಲೇ ಇಡಿಸಿದ.

ತಿಂಗಳು ಕಳೆದಿರಬೇಕು. ಗಂಗಾವತಿಯ ಆ ಗಿರಣಿಯ ಮುಂದೆ ಧರಣಿ ಶುರುವಾಯಿತು. ಹೊಟ್ಟು ಸುಟ್ಟ ಬೂದಿ ಹಿಂದಿನ ಓಣಿಯ ಮೇಲೆಲ್ಲ ಬೀಳುತ್ತದೆ, ಮಕ್ಕಳ ಕಣ್ಣು ಕೆಂಪಾಗಿವೆ ಎಂಬುದು ದೂರು. ಮೂರು ಪತ್ರಿಕೆಗಳಲ್ಲಿ ಸುದ್ದಿ ಬಂತು, ಮೂರರಲ್ಲೂ ಅಕ್ಷರ ಅಕ್ಷರ ಒಂದೇ. ಗುರುಬಸವ ಆಧಾರಗಳ ಪಟ್ಟಿಗೆ ಅವನ್ನು ಸೇರಿಸಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವನು ಕಲಿತಾಗಿತ್ತು. ಕಣ್ಣಾರೆ ನೋಡೋಣವೆಂದು ಮೂರನೆಯ ದಿನ ಬಸ್ಸು ಹತ್ತಿದ.

ಅಚ್ಚುಕಟ್ಟಾದ ಶಾಮಿಯಾನ. ಬಿಸಿ ಉಪ್ಪಿಟ್ಟು. ಮೇಲೆ ದೊಡ್ಡ ಫ್ಲೆಕ್ಸ್: 'ಖ್ಯಾತ ಉದ್ಯಮಿ, ಸಮಾಜಸೇವಕ ಸನ್ಮಾನ್ಯ ಶ್ರೀ ಅಂದಪ್ಪನವರಿಗೆ ಧಿಕ್ಕಾರ.' ಗುರುಬಸವನಿಗೆ ನಗು ಬಂತು, ಅಭಿಮಾನವೂ ಬಂತು. ನಮ್ಮ ಕಡೆಯ ಮಂದಿಯೇ ಹೀಗೆ, ಜಗಳಕ್ಕೆ ನಿಂತರೂ 'ರಿ' ಹಚ್ಚದೆ ಬೈಯುವುದಿಲ್ಲ ಎಂದುಕೊಂಡ.

ಮುಂದೆ ಕುಳಿತವಳು ಯಮನೂರಮ್ಮ. ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುವವಳು, ಗಿರಣಿಯ ಬೆನ್ನಿಗೇ ಅವಳ ಮನೆ. ಇದನ್ನು ಶುರು ಮಾಡಿಸಿದವರು ಯಾರು ಎಂದು ಗುರುಬಸವ ಕೇಳಿದ. ಅವಳು ಗಿರಣಿಯ ಚಿಮಣಿಯನ್ನು ನೋಡಿದಳು.

"ಕೂಡ್ಸಿದವರು ಯಾರರೆ ಆಗ್ಲಿರಿ. ಬೂದಿ ಬೀಳೂದು ನಾವು ಉಣ್ಣೂ ಗಂಗಾಳದಾಗ."

ಎಂಥ ಮಾತು ಎಂದು ಗುರುಬಸವ ಬರೆದುಕೊಂಡ.

ಮರುದಿನ ಶಾಮಿಯಾನ ಇರಲಿಲ್ಲ, ಉಪ್ಪಿಟ್ಟೂ ಇರಲಿಲ್ಲ. ಯಮನೂರಮ್ಮ ಬಿಸಿಲಲ್ಲೇ ಕುಳಿತಿದ್ದಳು, ಓಣಿಯ ಹೆಂಗಸರೂ ಕುಳಿತಿದ್ದರು. ಐದನೆಯ ದಿನ ಕೊಪ್ಪಳದಿಂದ ವರದಿಗಾರರು ಬಂದರು. ದಿನಕ್ಕೊಂದು ಗಂಟಿನಂತೆ ಅವಳು ಕಟ್ಟಿಟ್ಟ ಬೂದಿಯ ಚಿತ್ರ ತೆಗೆದರು, ಅವಳ ಬಾಳಿನ ಕಥೆ ಬರೆದರು. ಆರನೆಯ ದಿನ ಅಂದಪ್ಪನ ಫೋನು ಬಂತು.

"ಸರ, ನೀವು ಓದಿದವರು, ನಿಮ್ಮ ಮಾತು ಕೇಳ್ತಾಳ ಆಕಿ. ಎದ್ದು ಮನೀಗೆ ಹೋಗು ಅಂತ ಹೇಳ್ರಿ."

ಗುರುಬಸವ ಫೋನಿಟ್ಟ. ಇದಕ್ಕಿಂತ ದೊಡ್ಡ ಪುರಾವೆ ಬೇರೆ ಬೇಕೇ? ಎದುರಾಳಿಯೇ ಬೆವರುತ್ತಿದ್ದಾನೆ. ಧರಣಿ ಅಪ್ಪಟ.

ಹತ್ತೊಂಬತ್ತನೆಯ ದಿನ ಅಧಿಕಾರಿಗಳು ಬಂದು, ಬೂದಿ ಹಿಡಿಯುವ ಯಂತ್ರ ಕೂರಿಸುವವರೆಗೆ ಗಿರಣಿಗೆ ಬೀಗ ಹಾಕಿಸಿದರು. ಓಣಿಯ ಹೆಂಗಸರು ಒಣಗಲು ಹಾಕಿದ ಸೀರೆ ಮೊದಲ ಸಲ ಬೂದಿ ಹತ್ತದೆ ಒಣಗಿತು. ಆ ಸುದ್ದಿ ಓದಿ ಗುರುಬಸವನ ಕಣ್ಣು ತುಂಬಿತು. ಅಂದು ಸಂಜೆ ಅಂದಪ್ಪನ ಲೇಖನವನ್ನು ಅಳಿಸಿದ. ಯಮನೂರಮ್ಮನ ಮೇಲೆ ತಾನೇ ಒಂದು ಲೇಖನ ಬರೆದ. ಒಂಬತ್ತು ಆಧಾರ, ಒಂದಕ್ಕಿಂತ ಒಂದು ಗಟ್ಟಿ. ಯಾರೂ ಆಕ್ಷೇಪಿಸಲಿಲ್ಲ. ಅವನನ್ನು ಎಚ್ಚರಿಸಿದ್ದವರೇ 'ಆಧಾರಗಳನ್ನು ಹೀಗೆ ಜರಡಿ ಹಿಡಿಯಬೇಕು' ಎಂದು ಮೆಚ್ಚಿ ಬರೆದರು. ಗುರುಬಸವ ತನ್ನ ಬೆನ್ನು ತಾನೇ ತಟ್ಟಿಕೊಂಡ.

ವಾರದ ಮೇಲೆ ಅಂದಪ್ಪ ಮತ್ತೆ ಬಂದ, ಬರಿಗೈಯಲ್ಲಿ. ಮೊಬೈಲು ಮುಂದೆ ಹಿಡಿದು ಯಮನೂರಮ್ಮನ ಪುಟವನ್ನು ಮೇಲಿಂದ ಕೆಳಗೆ ಎರಡು ಸಲ ಸರಿಸಿದ. ಇದರಲ್ಲಿ ತನ್ನ ಹೆಸರೆಲ್ಲಿ ಎಂದು ಕೇಳಿದ.

ಬದುಕಿರುವವರ ಮೇಲಿನ ಆರೋಪಕ್ಕೆ ಸುಮ್ಮನೆ ಹೆಸರು ಹಚ್ಚಬಾರದೆಂಬ ನಿಯಮವನ್ನು ಗುರುಬಸವ ವಿವರಿಸಿದ. ಅದಕ್ಕೇ 'ಗಿರಣಿ ಮಾಲೀಕರೊಬ್ಬರು' ಎಂದಷ್ಟೇ ಬರೆದಿದ್ದೇನೆ, ಅದು ನಿಮ್ಮ ಮಾನ ಕಾಯಲಿಕ್ಕೆ ಎಂದ.

ಅಂದಪ್ಪ ಮೊಬೈಲನ್ನು ಜೇಬಿಗಿಳಿಸಿದ.

"ಮೂರು ದಿನಕ್ಕಂತ ಕೂಲಿ ಮಾತಾಡಿ ಆಕಿನ್ನ ಕೂಡ್ಸಿದಾವ ನಾನೇ ರೀ ಸರ," ಎಂದ. "ನಾಲ್ಕನೇ ದಿನ ಆಕಿ ಏಳಲಿಲ್ಲ."